‘ಆ್ಯನ್’ ಎಲ್ಲಿ, ‘ಎ’ ಎಲ್ಲಿ ಸರ್?

ನಮ್ಮ ಬಡಾವಣೆಯ ಗಣಪತಿ ಗುಡಿಯ ಹಿಂದೆ ಒಂದು ಪುಟ್ಟ ಸಭಾಂಗಣವಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಏಳೆಂಟು ಜನಕ್ಕೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿದವರು, ಕೆಲಸ ಹುಡುಕುತ್ತಿರುವವರು. ನನ್ನ ಸಂಬಳ ಒಂದು ಲೋಟ ಕಾಫಿ.

ಹೋದ ತಿಂಗಳು ಒಬ್ಬ ಕೇಳಿದ: “ಸರ್, ಎ, ಇ, ಐ, ಓ, ಯು ಮುಂದೆ ‘ಆ್ಯನ್’ ಬರುತ್ತೆ ಅಂತ ಸ್ಕೂಲಲ್ಲಿ ಉರು ಹೊಡೆಸಿದ್ರು. ಯೂನಿವರ್ಸಿಟಿ ಶುರುವಾಗೋದು ‘ಯು’ ಇಂದಾನೇ ಅಲ್ವಾ? ಮತ್ತೆ ‘ಎ ಯೂನಿವರ್ಸಿಟಿ’ ಹೆಂಗಾಗುತ್ತೆ?”

ಅಕ್ಷರ ನೋಡಬೇಡ, ಉಚ್ಚಾರ ಕೇಳು ಎನ್ನುವುದು ಸರಿಯಾದ ಉತ್ತರವೇ. ಆದರೆ ಅದು ಯಾರ ತಲೆಗೂ ಹತ್ತಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಪದಗಳನ್ನು ಕನ್ನಡದಲ್ಲಿ ಬರೆಸಿದೆ. ಯೂನಿವರ್ಸಿಟಿ: ಮೊದಲು ಯ, ವ್ಯಂಜನ, ಹಾಗಾಗಿ ‘ಎ’. ಅವರ್: ಅ, ಸ್ವರ, ‘ಆ್ಯನ್ ಅವರ್’. ಯುರೋಪಿಯನ್‌ಗೆ ‘ಎ’, ಆನೆಸ್ಟ್‌ಗೆ ‘ಆ್ಯನ್’. ಎಫ್‌ಐಆರ್‌ನ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ವ್ಯಂಜನವೇ, ಆದರೆ ಬಾಯಿ ತೆರೆದರೆ ಬರುವುದು ಎಕಾರ. ಅದಕ್ಕೇ ‘ಆ್ಯನ್ ಎಫ್‌ಐಆರ್’. ಇಂಗ್ಲಿಷ್ ಲಿಪಿ ಮುಚ್ಚಿಡುವುದನ್ನು ನಮ್ಮ ವರ್ಣಮಾಲೆ ಬಿಚ್ಚಿ ತೋರಿಸುತ್ತದೆ. ಮಂಡ್ಯ ಕಡೆಯ ಹುಡುಗಿಯೊಬ್ಬಳು ಬಾಯಿ ತೆರೆಯುವವರೆಗೂ ನಾನು ಬೀಗುತ್ತಲೇ ಇದ್ದೆ.

“ಹಂಗಾದ್ರೆ ‘ಆ್ಯನ್ ಒನ್ ರುಪೀ ಕಾಯಿನ್’ ಅನ್ಬೇಕಾ ಸರ್? ಒ ಸ್ವರ ಅಲ್ವಾ?”

ಅಲ್ಲ. ಅಲ್ಲಿ ‘ಎ’ ಬರಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಅದು ‘ವನ್’. ನಮ್ಮ ರಸ್ತೆಯ ಫಲಕದಲ್ಲಿ ‘ಒನ್ ವೇ’ ಎಂದೇ ಇರುತ್ತದೆ, ಯಾರಿಗೂ ತಪ್ಪೆನಿಸುವುದಿಲ್ಲ. ಕಾರಣ ನಮ್ಮ ನಾಲಿಗೆ. ‘ಒಂದು’ ಎಂದು ಬರೆದು ‘ವಂದು’ ಅನ್ನುತ್ತೇವೆ. ‘ಎಲೆ’ ಎಂದು ಬರೆದು ‘ಯೆಲೆ’ ಅನ್ನುತ್ತೇವೆ. ಆದ್ದರಿಂದಲೇ ‘ಒನ್’ ಮತ್ತು ‘ವನ್’ ನಮ್ಮ ಕಿವಿಗೆ ಒಂದೇ. ಶಾಸಕರನ್ನು ‘ಯಮ್ಮೆಲ್ಲೆ’ ಎಂದು ಕರೆದು ರೂಢಿಯಾದವನಿಗೆ ‘ಆ್ಯನ್’ ಬೇಕು ಅನಿಸುವುದಾದರೂ ಹೇಗೆ? ತಮಾಷೆಯೆಂದರೆ, ಇಂಗ್ಲಿಷಿನ ಆ ಪದಕ್ಕೂ ವಕಾರ ಹುಟ್ಟಿನಿಂದ ಬಂದದ್ದಲ್ಲ, ನಮ್ಮ ‘ವಂದು’ವಿನಂತೆ ಆಮೇಲೆ ಅಂಟಿಕೊಂಡದ್ದು. ಅದೇ ಬೇರಿನಿಂದ ಬಂದ ‘ಓನ್ಲಿ’, ‘ಅಲೋನ್’ ಇವತ್ತಿಗೂ ವಕಾರವಿಲ್ಲದೆ ಉಳಿದಿವೆ. ಇದನ್ನು ಹೇಳಿದಾಗ ಆ ಹುಡುಗಿ, “ಅವರೂ ನಮ್ಮಂಗೇ” ಅಂದಳು.

ಕೆಲವು ಪ್ರಶ್ನೆಗಳಿಗೆ ಉತ್ತರ ಸುಲಭ. ‘ಪ್ರಿಪೋನ್’ ತಪ್ಪಾ? ನನ್ನ ಮಟ್ಟಿಗೆ ಅಲ್ಲ. ಮುಂದೂಡುವುದಕ್ಕೆ ಪದವಿದ್ದರೆ ಹಿಂದೂಡುವುದಕ್ಕೂ ಒಂದಿರಲಿ. ಆಕ್ಸ್‌ಫರ್ಡ್ ನಿಘಂಟೇ ಅದನ್ನು ಒಳಗೆ ಬಿಟ್ಟುಕೊಂಡಿದೆ. ಕೆಲವಕ್ಕೆ ಉತ್ತರವೇ ಇಲ್ಲ. “ಕಂಬಾರರು ಕನ್ನಡಕ್ಕೆ ಎಷ್ಟನೇ ಜ್ಞಾನಪೀಠ ತಂದವರು?” ಇದನ್ನು ಇಂಗ್ಲಿಷಿನಲ್ಲಿ ಕೇಳಿ ನೋಡಿ. ‘ಎಂಟನೆಯದು’ ಎಂಬ ಉತ್ತರಕ್ಕೆ ಆ ಭಾಷೆಯಲ್ಲಿ ಪದವಿದೆ, ‘ಎಷ್ಟನೇ’ ಎಂಬ ಪ್ರಶ್ನೆಗೆ ಇಲ್ಲ. ಸುತ್ತಿ ಬಳಸಿಯೇ ಕೇಳಬೇಕು. ಮಕ್ಕಳು ತಡವರಿಸಿದರೆ ಅದು ಅವರ ದಡ್ಡತನವಲ್ಲ.

ಕೆಲಸವನ್ನೇ ಕಳೆಯುವುದು ಮಾತ್ರ ‘ಯೆಸ್’. ನಮ್ಮ ಹುಡುಗನೊಬ್ಬ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದ. “ಯು ಡೋಂಟ್ ಹ್ಯಾವ್ ಎ ಲೈಸೆನ್ಸ್?” ಅಂದರಂತೆ. ಇವನ ಹತ್ತಿರ ಲೈಸೆನ್ಸ್ ಇರಲಿಲ್ಲ. “ಯೆಸ್ ಸರ್” ಅಂದ. ಅವರು ಇದೆ ಎಂದು ಬರೆದುಕೊಂಡರು. ಪ್ರತಿ ಕೇಳಿದಾಗ ಇವನು ಕೈಯಾಡಿಸಿದ. ಸುಳ್ಳುಗಾರ ಎಂದು ಕಳಿಸಿದರು.

ಅವನು ಹೇಳಿದ್ದು ಶುದ್ಧ ಕನ್ನಡ. “ನಿಂಗೆ ಲೈಸೆನ್ಸ್ ಇಲ್ವಾ?” ಎಂದರೆ “ಹೌದು, ಇಲ್ಲ” ಎನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಮಾತನ್ನು ಒಪ್ಪುತ್ತದೆ, ನೀವಂದುಕೊಂಡದ್ದು ಸರಿ ಎನ್ನುತ್ತದೆ. ಇಂಗ್ಲಿಷಿನ ‘ಯೆಸ್’ಗೆ ಕೇಳಿದವರ ಗೊಡವೆಯಿಲ್ಲ; ವಸ್ತು ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’, ಪ್ರಶ್ನೆ ಹೇಗೇ ಇರಲಿ. ಮೇಲಾಗಿ ನಾವು ಇಲ್ಲ, ಅಲ್ಲ, ಬೇಡ ಎಂದು ಮೂರಾಗಿ ಹಂಚಿಕೊಂಡದ್ದನ್ನೆಲ್ಲ ಅವರು ಆ ಒಂದು ‘ನೋ’ಗೆ ತುರುಕಿದ್ದಾರೆ.

“ಯೆಸ್, ನೋ ಎರಡನ್ನೂ ಬಿಡು. ಇದ್ದರೆ ‘ಐ ಹ್ಯಾವ್’, ಇಲ್ಲದಿದ್ದರೆ ‘ಐ ಡೋಂಟ್ ಹ್ಯಾವ್’ ಅನ್ನು,” ಎಂದು ಅವನಿಗೆ ಹೇಳಿಕೊಟ್ಟೆ. ವ್ಯಾಕರಣದ ಮೇಷ್ಟ್ರುಗಳು ಮೂಗು ಮುರಿಯಬಹುದು, ಮುರಿಯಲಿ.

ಕಳೆದ ವಾರ ಇನ್ನೊಂದು ಕಡೆ ಅವನಿಗೆ ಕೆಲಸ ಸಿಕ್ಕಿತು. ಪೇಡೆ ಪೊಟ್ಟಣ ಹಿಡಿದು ಬಂದ. ಅಲ್ಲೂ ಅದೇ ಥರದ ಪ್ರಶ್ನೆ ಕೇಳಿದರಂತೆ, ಇವನು “ಐ ಡೋಂಟ್ ಹ್ಯಾವ್, ಸರ್” ಎಂದನಂತೆ.

“ಸದ್ಯ, ‘ಯೆಸ್’ ಅನ್ನಲಿಲ್ಲವಲ್ಲ,” ಎಂದೆ.

“ಅಂದಿದ್ರೂ ನಡೀತಿತ್ತು ಸರ್. ಅವರೂ ಹಾಸನದವರೇ.”