ಕಾಯಿಲೆಯ ನಕ್ಷೆ ಒಂದು, ಸಾವಿನ ನಕ್ಷೆ ಇನ್ನೊಂದು

2008ರ ಬೇಸಿಗೆ. ಕೊಪ್ಪಳ ಜಿಲ್ಲೆಯ ನಮ್ಮ ಊರಿನಲ್ಲಿ ನನ್ನ ಅಕ್ಕ ತೀರಿಕೊಂಡು ಹತ್ತು ದಿನಗಳಾಗಿದ್ದವು. ಮರಣ ನೋಂದಣಿಗಾಗಿ ಅಕ್ಕನ ಮಗನೊಂದಿಗೆ ನಾನೂ ಗ್ರಾಮಲೆಕ್ಕಿಗರ ಬಳಿ ಹೋಗಿದ್ದೆ. ನಮೂನೆಯಲ್ಲಿ ಮರಣದ ಕಾರಣವನ್ನು ಬರೆಯಬೇಕಾದ ಜಾಗ ಬಂದಾಗ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. ಬಳಿಕ ‘ಕಾಮಾಲೆ’ ಎಂದು ಬರೆಸಿದ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಕೊನೆಯ ಎರಡು ವಾರ ಅಕ್ಕನ ಕಣ್ಣು, ಮೈ ಹಳದಿಯಾಗಿದ್ದುದನ್ನು ಇಡೀ ಊರು ನೋಡಿತ್ತು. ಆದರೆ ಆ ಹಳದಿ ಬಂದದ್ದು ಸ್ತನದ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದ್ದರಿಂದ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ತಾಯಿಗೆ ಕ್ಯಾನ್ಸರ್ ಇತ್ತೆಂದು ಗೊತ್ತಾದರೆ ಸಂಬಂಧಗಳು ಕೂಡಿಬರುವುದಿಲ್ಲ ಎಂಬ ಅಂಜಿಕೆ. ಅರ್ಥಶಾಸ್ತ್ರ ಓದಿದ, ಅಂಕಿಅಂಶಗಳ ಮಹತ್ವದ ಬಗ್ಗೆ ಕಿರಿಯ ಅಧಿಕಾರಿಗಳಿಗೆ ಉಪದೇಶ ಮಾಡುತ್ತಿದ್ದ ನಾನು ಅದನ್ನು ತಿದ್ದಿಸಲಿಲ್ಲ.

ತಾಲ್ಲೂಕು ಮಟ್ಟದ ಸೇವೆಯಲ್ಲಿದ್ದಾಗ ಇಂತಹ ದಾಖಲೆಗಳನ್ನು ನಾನೇ ತಪಾಸಣೆ ಮಾಡಿದ್ದೆ. ‘ಜ್ವರ’, ‘ಹೊಟ್ಟೆನೋವು’, ‘ಮುಪ್ಪು’ ಎಂಬ ಕಾರಣಗಳು ಪುಟದಿಂದ ಪುಟಕ್ಕೆ ಸಾಗುತ್ತಿದ್ದವು. ಸಂಖ್ಯೆ ತಾಳೆಯಾದರೆ ಸಾಕು ಎಂದು ರುಜು ಹಾಕಿದವನು ನಾನು. ದೇಶದಲ್ಲಿ ನೋಂದಣಿಯಾಗುವ ಮರಣಗಳ ಪೈಕಿ ವೈದ್ಯಕೀಯವಾಗಿ ಕಾರಣ ದೃಢೀಕರಿಸಲ್ಪಟ್ಟವು 2020ರಲ್ಲಿ ಶೇ 22.5 ಮಾತ್ರ. ಉಳಿದ ಸಾವುಗಳ ಕಾರಣ ನಮ್ಮ ಅಕ್ಕನದರಂತೆಯೇ ಮನೆಯವರು ಹೇಳಿದ್ದು, ಗುಮಾಸ್ತರು ಬರೆದದ್ದು. ಸ್ತನ ಕ್ಯಾನ್ಸರ್‌ನಿಂದ ಯಾವ ಪ್ರದೇಶದಲ್ಲಿ ಎಷ್ಟು ಮಹಿಳೆಯರು ಸಾಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಎತ್ತುವ ಮುನ್ನ ಈ ಮಿತಿಯನ್ನು ನೆನಪಿಡಬೇಕು.

ನಮ್ಮಲ್ಲಿ ಈ ಕಾಯಿಲೆಯ ಬಗ್ಗೆ ಒಂದು ಸಾಮಾನ್ಯ ತಿಳಿವಳಿಕೆ ಇದೆ: ಇದು ನಗರದ ಕಾಯಿಲೆ, ಉಳ್ಳವರ ಕಾಯಿಲೆ. ಅದಕ್ಕೆ ಆಧಾರವೂ ಇದೆ. ಬೆಂಗಳೂರು, ಮುಂಬಯಿ ಮತ್ತು ಚೆನ್ನೈಗಳಲ್ಲಿ 1982ರಿಂದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ನಡೆಯುತ್ತಿದೆ. ಬೆಂಗಳೂರಿನ ಲೆಕ್ಕವನ್ನು ಕಿದ್ವಾಯಿ ಸಂಸ್ಥೆ ಇಡುತ್ತಿದೆ. ಈ ಕಾರ್ಯಕ್ರಮದ 2020ರ ವರದಿಯ ಪ್ರಕಾರ ವರ್ಷಕ್ಕೆ ಪ್ರತಿ ಒಂದು ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್‌ಗೆ ಒಳಗಾಗುವವರು ಹೈದರಾಬಾದಿನಲ್ಲಿ 48, ಚೆನ್ನೈನಲ್ಲಿ 42, ಬೆಂಗಳೂರಿನಲ್ಲಿ 40ಕ್ಕೂ ಹೆಚ್ಚು. ಮಹಾರಾಷ್ಟ್ರದ ಬಾರ್ಶಿಯಂತಹ ಗ್ರಾಮೀಣ ನೋಂದಣಿ ಕೇಂದ್ರಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ. ತಡವಾದ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಎದೆಹಾಲುಣಿಸುವ ಅವಧಿಯ ಇಳಿಕೆ, ಬೊಜ್ಜು, ಹೆಚ್ಚಿದ ಆಯಸ್ಸು ಇವೆಲ್ಲ ಈ ವ್ಯತ್ಯಾಸದ ಹಿಂದಿನ ಕಾರಣಗಳು. ಆದರೆ ಇದು ಕಾಯಿಲೆಯ ನಕ್ಷೆ. ಸಾವಿನ ನಕ್ಷೆ ಬೇರೆಯೇ ಇದೆ.

ಮನೆಮನೆಗೆ ಹೋಗಿ, ಸತ್ತವರ ಲಕ್ಷಣಗಳನ್ನು ಬಂಧುಗಳಿಂದ ಕೇಳಿ ತಿಳಿದು ಸಾವಿನ ಕಾರಣ ನಿರ್ಧರಿಸಿದ ‘ಹತ್ತು ಲಕ್ಷ ಮರಣಗಳ ಅಧ್ಯಯನ’ದ ಕ್ಯಾನ್ಸರ್ ಫಲಿತಾಂಶಗಳು 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದವು. 30ರಿಂದ 69 ವರ್ಷದ ಮಹಿಳೆಯರಲ್ಲಿ ಎಲ್ಲ ಬಗೆಯ ಕ್ಯಾನ್ಸರ್‌ಗಳಿಂದ ಆಗುವ ಸಾವು ನಗರಗಳಲ್ಲಿ ಲಕ್ಷಕ್ಕೆ 91.2 ಇದ್ದರೆ ಹಳ್ಳಿಗಳಲ್ಲಿ 96.6 ಇತ್ತು. ಇದು ಎಲ್ಲ ಕ್ಯಾನ್ಸರ್‌ಗಳ ಒಟ್ಟು ಲೆಕ್ಕ ಎಂಬುದು ನಿಜ. ಆದರೂ ಕಾಯಿಲೆ ಕಡಿಮೆ ಎಂದು ನೋಂದಣಿಗಳು ಹೇಳುವ ಕಡೆ ಸಾವು ಕಡಿಮೆಯಾಗಿಲ್ಲ ಎಂಬ ಸಂಗತಿ ಯಾವ ಆಡಳಿತಗಾರನನ್ನೂ ತಡೆದು ನಿಲ್ಲಿಸಬೇಕು. ಒಂದು ಪ್ರದೇಶದಲ್ಲಿ ಎಷ್ಟು ಜನರಿಗೆ ಕಾಯಿಲೆ ಬರುತ್ತದೆ ಎಂಬುದು ಅಲ್ಲಿನ ಬದುಕಿನ ರೀತಿಯನ್ನು ಹೇಳಿದರೆ, ಬಂದವರಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬುದು ಅಲ್ಲಿನ ಸರ್ಕಾರದ ರೀತಿಯನ್ನು ಹೇಳುತ್ತದೆ.

ಜಾಗತಿಕ ಅಂಕಿಗಳೂ ಇದನ್ನೇ ಸಾರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಾನವ ಅಭಿವೃದ್ಧಿಯಲ್ಲಿ ಅತಿ ಮುಂದಿರುವ ದೇಶಗಳಲ್ಲಿ ಜೀವಮಾನದಲ್ಲಿ 12 ಮಹಿಳೆಯರಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ, 71ರಲ್ಲಿ ಒಬ್ಬರು ಅದರಿಂದ ಸಾಯುತ್ತಾರೆ. ತೀರ ಹಿಂದಿರುವ ದೇಶಗಳಲ್ಲಿ ಕಾಯಿಲೆ ಪತ್ತೆಯಾಗುವುದು 27ರಲ್ಲಿ ಒಬ್ಬರಿಗೆ ಮಾತ್ರ. ಸಾಯುವವರು 48ರಲ್ಲಿ ಒಬ್ಬರು. 2022ರಲ್ಲಿ ಅಮೆರಿಕದಲ್ಲಿ ಸುಮಾರು 2.7 ಲಕ್ಷ ಹೊಸ ಪ್ರಕರಣಗಳು, ಸುಮಾರು 43 ಸಾವಿರ ಸಾವುಗಳು. ಅದೇ ವರ್ಷ ಭಾರತದಲ್ಲಿ ಅಂದಾಜು 1.92 ಲಕ್ಷ ಹೊಸ ಪ್ರಕರಣಗಳು, 98 ಸಾವಿರ ಸಾವುಗಳು. ಪ್ರಕರಣ ಕಡಿಮೆ, ಸಾವು ಎರಡು ಪಟ್ಟಿಗಿಂತ ಹೆಚ್ಚು.

ಅಮೆರಿಕದ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ. 1980ರ ಆಸುಪಾಸಿನಲ್ಲಿ ಅಲ್ಲಿನ ಕಪ್ಪು ಮತ್ತು ಬಿಳಿಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್‌ನ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಳಿಕ ಮ್ಯಾಮೊಗ್ರಫಿ ಬಂತು. ಶಸ್ತ್ರಚಿಕಿತ್ಸೆಯ ನಂತರದ ಕಿಮೊಥೆರಪಿ, ಟ್ಯಾಮೊಕ್ಸಿಫೆನ್‌ನಂತಹ ಔಷಧಗಳು ಬಂದವು. 1989ರಲ್ಲಿ ಶಿಖರ ಮುಟ್ಟಿದ ಒಟ್ಟಾರೆ ಸಾವಿನ ಪ್ರಮಾಣ ಅಲ್ಲಿಂದೀಚೆಗೆ ಶೇ 40ಕ್ಕೂ ಹೆಚ್ಚು ಇಳಿಯಿತು. ಆದರೆ ಎರಡು ರೇಖೆಗಳು ಬೇರ್ಪಟ್ಟವು. ಇಂದು ಕಪ್ಪು ಮಹಿಳೆಯರಲ್ಲಿ ಕಾಯಿಲೆ ಬಿಳಿಯರಿಗಿಂತ ತುಸು ಕಡಿಮೆ, ಸಾವು ಮಾತ್ರ ಸುಮಾರು ಶೇ 40ರಷ್ಟು ಹೆಚ್ಚು. ಗಡ್ಡೆಯ ಸ್ವಭಾವದಲ್ಲಿರುವ ವ್ಯತ್ಯಾಸ ಇದನ್ನು ಸ್ವಲ್ಪಮಟ್ಟಿಗೆ ಮಾತ್ರ ವಿವರಿಸುತ್ತದೆ. ಮದ್ದಿಲ್ಲದ ಕಾಲದಲ್ಲಿ ಎಲ್ಲರೂ ಸಮಾನವಾಗಿ ಸಾಯುತ್ತಾರೆ. ಅಸಮಾನತೆ ಆರಂಭವಾಗುವುದು ಮದ್ದು ಬಂದ ದಿನದಿಂದ. ಈ ಮಾತು ನಮ್ಮ ರಾಜ್ಯಕ್ಕೂ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಚಿಕಿತ್ಸೆ ಸುಧಾರಿಸಿದಷ್ಟೂ, ಅದು ಯಾದಗಿರಿಗೆ ತಲುಪದಿದ್ದರೆ, ಇವೆರಡರ ನಡುವಿನ ಅಂತರ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ.

ದೇಶದೊಳಗಿನ ಅಂತರದ ಬಗ್ಗೆ 2024ರಲ್ಲಿ ಪ್ರಕಟವಾದ, 11 ನೋಂದಣಿ ಕೇಂದ್ರಗಳ 17 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು ಬೆಳಕು ಚೆಲ್ಲುತ್ತದೆ. 2012ರಿಂದ 2015ರ ನಡುವೆ ಸ್ತನ ಕ್ಯಾನ್ಸರ್ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿದವರು ಒಟ್ಟಾರೆ ಶೇ 66.4. ಮಿಜೋರಾಂನಲ್ಲಿ ಇದು ಶೇ 75ರ ಸಮೀಪ; ಅರುಣಾಚಲದ ಪಾಸೀಘಾಟ್‌ನಲ್ಲಿ ಶೇ 42ರಷ್ಟು ಮಾತ್ರ. ಎರಡೂ ಈಶಾನ್ಯದ ಗುಡ್ಡಗಾಡುಗಳೇ ಎಂಬುದನ್ನು ಗಮನಿಸಬೇಕು, ದೂರವೆಂಬುದು ಹಣೆಬರಹವಲ್ಲ. ಇನ್ನೂ ಮುಖ್ಯವಾದುದು ಹಂತದ ಲೆಕ್ಕ. ಗಡ್ಡೆ ಸ್ತನದಲ್ಲಷ್ಟೇ ಇದ್ದಾಗ ಪತ್ತೆಯಾದರೆ ಐದು ವರ್ಷ ಬದುಕುವವರು ಶೇ 81. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಪತ್ತೆಯಾದರೆ ಶೇ 18. ಈ ಎರಡು ಸಂಖ್ಯೆಗಳ ನಡುವೆ ಇರುವುದು ಕಾಲ.

ಆ ಕಾಲ ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 2006ರ ದೀಪಾವಳಿಗೆ ಊರಿಗೆ ಹೋದಾಗ ಅಕ್ಕ ನನಗೆ ಏನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಹೇಳಿದಳು: ‘ತಂಗೀ, ಸಣ್ಣ ಗಂಟೈತಿ, ನೋವೇನ ಇಲ್ಲ. ನಿನ್ನ ಗಂಡಗ ಹೇಳಬ್ಯಾಡ.’ ಆ ಗಂಟಿಗೆ ಆಗಲೇ ಹನ್ನೊಂದು ತಿಂಗಳಾಗಿತ್ತು. ನೋವಿಲ್ಲದ್ದರಿಂದ ಅದು ರೋಗವೇ ಅಲ್ಲ ಎಂದು ಅವಳು ನಂಬಿದ್ದಳು. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಳಿಕ ನಾಟಿ ಲೇಪಕ್ಕೆ ಎರಡು ತಿಂಗಳು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಚೀಟಿ, ಪರೀಕ್ಷೆ, ವರದಿ ಎಂದು ಮೂರು ತಿಂಗಳು. ಶಸ್ತ್ರಚಿಕಿತ್ಸೆಯಾದದ್ದು 2007ರ ಏಪ್ರಿಲ್‌ನಲ್ಲಿ, ಅಂದರೆ ಗಂಟು ಕೈಗೆ ಸಿಕ್ಕ ಹದಿನಾರು ತಿಂಗಳ ಮೇಲೆ. ಮೂರು ವಾರಕ್ಕೊಮ್ಮೆ ಆರು ಸಲ ಕಿಮೊಥೆರಪಿ ಎಂದು ವೈದ್ಯರು ಬರೆದರು. ಮೂರಕ್ಕೆ ಹೋದಳು. ನಾಲ್ಕನೆಯದರ ಹೊತ್ತಿಗೆ ಮುಂಗಾರು ಬಿತ್ತನೆ ಆರಂಭವಾಗಿತ್ತು. ಜೊತೆಗೆ ಹೋಗಲು ಮನೆಯಲ್ಲಿ ಗಂಡಾಳು ಬಿಡುವಿರಲಿಲ್ಲ. ಖರ್ಚು ಪೂರ್ತಿ ನನ್ನದೇ ಆಗಿತ್ತು. ಹಣ ಕಳಿಸುತ್ತಿದ್ದೇನಲ್ಲ ಎಂಬ ನೆಮ್ಮದಿಯಲ್ಲಿ ನಾನು, ಚಿಕಿತ್ಸೆ ನಿಂತಿದೆಯೇ ಎಂದು ಕೇಳಲಿಲ್ಲ. ನಿಂತದ್ದು ನನಗೆ ಗೊತ್ತಾದದ್ದು ದಸರೆಗೆ.

ಹಣ ಮುಖ್ಯವಲ್ಲ ಎಂದು ಇದರ ಅರ್ಥವಲ್ಲ. ಕರ್ನಾಟಕ 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ ‘ವಾಜಪೇಯಿ ಆರೋಗ್ಯಶ್ರೀ’ ಆರಂಭಿಸಿತು. ಹೃದ್ರೋಗ, ಕ್ಯಾನ್ಸರ್‌ನಂತಹ ದುಬಾರಿ ಚಿಕಿತ್ಸೆಗಳು ಅದರ ವ್ಯಾಪ್ತಿಯಲ್ಲಿದ್ದವು. ಯೋಜನೆ ಇದ್ದ ಮತ್ತು ಇಲ್ಲದ ಜಿಲ್ಲೆಗಳ ಗಡಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ ಯೋಜನೆ ಇಲ್ಲದೆಡೆ ಶೇ 0.90 ಇದ್ದರೆ, ಇದ್ದೆಡೆ ಶೇ 0.32 ಇತ್ತು. ಸರ್ಕಾರದ ಒಂದು ತೀರ್ಮಾನ ಸಾವಿನ ನಕ್ಷೆಯನ್ನು ಬದಲಿಸಬಲ್ಲದು ಎಂಬುದಕ್ಕೆ ನಮ್ಮ ನೆಲದಲ್ಲೇ ಪುರಾವೆ ಇದೆ. 2018ರಿಂದ ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ ಆ ಹೊಣೆಯನ್ನು ಹೊತ್ತಿದೆ. ಆದರೆ ವಿಮೆ ಆಸ್ಪತ್ರೆಯ ಬಾಗಿಲಿನ ಒಳಗೆ ಕೆಲಸ ಮಾಡುತ್ತದೆ. ಹನ್ನೊಂದು ತಿಂಗಳ ಮೌನವನ್ನೂ ನಾಲ್ಕನೆಯ ಸರದಿಗೆ ಬಾರದ ರೋಗಿಯನ್ನೂ ಅದು ಕಾಣದು.

ಹಾಗಾದರೆ ಊರೂರಿಗೆ ಮ್ಯಾಮೊಗ್ರಫಿ ಯಂತ್ರಗಳ ಬಸ್ಸು ಓಡಿಸಬೇಕೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಆ ಉತ್ಸಾಹವಿಲ್ಲ. ದುಬಾರಿ ಯಂತ್ರ, ಅದನ್ನು ಓದಬಲ್ಲ ತಜ್ಞರ ಕೊರತೆ, ಕಾಯಿಲೆಯಲ್ಲದ್ದನ್ನು ಕಾಯಿಲೆ ಎನ್ನುವ ತೊಡಕು ಇವೆಲ್ಲ ಇವೆ. ಇದಕ್ಕೆ ಬದಲು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಪ್ರಯೋಗವನ್ನು ನೋಡಬೇಕು. ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟಾರೆ ಸಾವಿನ ಇಳಿಕೆ ಶೇ 15. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ಖಚಿತವಲ್ಲ. ಆದರೆ 50 ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ಯಂತ್ರವಿಲ್ಲದೆ, ಕಲಿತ ಕೈಗಳಿಂದ ಸಾಧ್ಯವಾದದ್ದು ಇದು. 30 ದಾಟಿದ ಮಹಿಳೆಯರಿಗೆ ಇಂತಹ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಮಹಿಳೆಯರ ಪೈಕಿ ಎಂದಾದರೂ ಸ್ತನ ಪರೀಕ್ಷೆಗೆ ಒಳಗಾದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಸುತ್ತೋಲೆ ಹೊರಡಿಸಿದರೆ ಕೆಲಸವಾದಂತೆ ಎಂದು ಭಾವಿಸುವ ನಮ್ಮ ಆಡಳಿತದ ಹಳೆಯ ರೋಗ ಇದು. ಅದರಲ್ಲಿ ನನ್ನ ಪಾಲೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮೂರು ಸರಳ ಗುರಿಗಳ ಉಪಕ್ರಮ ಆರಂಭಿಸಿತು: ನೂರರಲ್ಲಿ 60 ಪ್ರಕರಣಗಳು ಮೊದಲ ಎರಡು ಹಂತಗಳಲ್ಲೇ ಪತ್ತೆಯಾಗಬೇಕು, ಆಸ್ಪತ್ರೆಯ ಮೆಟ್ಟಿಲು ಹತ್ತಿದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ನೂರರಲ್ಲಿ 80 ಮಂದಿಯಾದರೂ ಚಿಕಿತ್ಸೆ ಪೂರೈಸಬೇಕು. ಈ ಮೂರನ್ನೂ ಜಿಲ್ಲಾವಾರು ಅಳೆಯಬಹುದು. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಆ ವರದಿ ನಮಗೆ ಅಳೆಯುವುದನ್ನು ಕಲಿಸಿತು. ಆದರೆ ಇಂದಿಗೂ ನಾವು ಹಾಸಿಗೆ, ವೈದ್ಯರು, ಕಟ್ಟಡಗಳನ್ನು ಎಣಿಸುತ್ತೇವೆ. ಯಾವ ತಾಲ್ಲೂಕಿನ ಮಹಿಳೆ ಯಾವ ಹಂತದಲ್ಲಿ ಆಸ್ಪತ್ರೆಗೆ ಬಂದಳು, ಎಷ್ಟು ದಿನ ಕಾದಳು, ಎಷ್ಟನೆಯ ಸರದಿಗೆ ನಿಂತಳು ಎಂಬುದನ್ನು ಎಣಿಸುವುದಿಲ್ಲ.

ಆದ್ದರಿಂದ ನನ್ನ ಸಲಹೆಗಳು ಮೂರು. ಮೊದಲನೆಯದು, ಈ ಮೂರು ಅಳತೆಗಳನ್ನು ಪ್ರತಿ ಜಿಲ್ಲೆಗೂ ವರ್ಷಕ್ಕೊಮ್ಮೆ ಪ್ರಕಟಿಸಬೇಕು; ಮನೆಯಲ್ಲಾದ ಸಾವಿನ ಕಾರಣವನ್ನು ತರಬೇತಿ ಪಡೆದವರು ವಿಚಾರಿಸಿ ದಾಖಲಿಸುವ ಏರ್ಪಾಟು ಹಿಂದುಳಿದ ತಾಲ್ಲೂಕುಗಳಿಂದಲೇ ಆರಂಭವಾಗಲಿ. ಎರಡನೆಯದು, ಚಿಕಿತ್ಸೆ ಊರಿಗೆ ಹತ್ತಿರ ಬರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಹಗಲು ಆರೈಕೆ ಕೇಂದ್ರಗಳನ್ನು ತೆರೆಯುವುದಾಗಿ ಕೇಂದ್ರ ಬಜೆಟ್ 2025ರಲ್ಲಿ ಘೋಷಿಸಿತು. ನಮ್ಮ ರಾಜ್ಯವೂ ಆ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವಂತಾದರೆ ನಾಲ್ಕನೆಯ ಸರದಿ ತಪ್ಪುವುದಿಲ್ಲ. ಮೂರನೆಯದು, ಪ್ರತಿ ರೋಗಿಯ ಹೆಸರಿನ ಎದುರು ಒಬ್ಬ ಹೊಣೆಗಾರರಿರಬೇಕು. ಮಗುವಿನ ಲಸಿಕೆ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳುತ್ತಾಳೆ; ತಾಯಿಯ ಕಿಮೊಥೆರಪಿ ತಪ್ಪಿದರೆ ಕೇಳುವವರಿಲ್ಲ. ಆಶಾಗೆ ಇನ್ನೊಂದು ಹೊರೆ ಬೇಡ ಎನ್ನುವವರ ಮಾತು ಸರಿಯೇ. ಕೆಲಸಕ್ಕೆ ತಕ್ಕ ಗೌರವಧನ ಕೊಟ್ಟೇ ಈ ಹೊಣೆ ವಹಿಸಬೇಕು.

1990ರಿಂದ 2016ರವರೆಗೆ ದೇಶದಲ್ಲಿ ಸ್ತನ ಕ್ಯಾನ್ಸರ್ ತಗಲುವ ಪ್ರಮಾಣ ಶೇ 39ರಷ್ಟು ಏರಿತು. ಏರದ ರಾಜ್ಯ ಒಂದೂ ಇರಲಿಲ್ಲ. ಹೆಣ್ಣುಮಕ್ಕಳು ಓದುವುದು, ತಡವಾಗಿ ಮದುವೆಯಾಗುವುದು, ಹೆಚ್ಚು ಕಾಲ ಬದುಕುವುದು ನಮ್ಮ ಹಳ್ಳಿಗಳಿಗೂ ಬಂದಿದೆ, ಬರಬೇಕು. ಅದರೊಂದಿಗೆ ಈ ಕಾಯಿಲೆಯೂ ಬರುತ್ತದೆ. ಅದನ್ನು ಪೂರ್ತಿ ತಡೆಯಲು ನಮ್ಮಿಂದಾಗದು. ಆದರೆ ಕಾಯಿಲೆ ಬೆಂಗಳೂರಿನ ಮಟ್ಟಕ್ಕೆ ಏರಿ ಚಿಕಿತ್ಸೆ ಹಳ್ಳಿಯ ಮಟ್ಟದಲ್ಲೇ ಉಳಿದರೆ ಆಗುವ ಸಾವುಗಳಿಗೆ ವಿಧಿಯನ್ನು ದೂರುವಂತಿಲ್ಲ.

ಅಕ್ಕನ ಮಗಳಿಗೆ ಈಗ ನಲವತ್ತು ದಾಟಿದೆ. ತಾಯಿಗೆ ಈ ಕಾಯಿಲೆ ಇದ್ದುದರಿಂದ ಅವಳು ಹೆಚ್ಚು ಎಚ್ಚರದಿಂದಿರಬೇಕು. ಹೋದ ವರ್ಷ ನಾನೇ ಕುಳ್ಳಿರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಮಾವಾ, ಅವ್ವಗ ಕಾಮಾಲೆ ಅಂತ ಹೇಳಿದ್ರಲ್ಲ?’ ಎಂದಳು. ಆ ನಮೂನೆಯಲ್ಲಿ ಅಂದು ನಾವು ಬರೆಸಿದ ಒಂದು ಪದ ಸರ್ಕಾರದ ಲೆಕ್ಕವನ್ನಷ್ಟೇ ತಪ್ಪಿಸಿರಲಿಲ್ಲ. ಅವಳಿಗೆ ಸಲ್ಲಬೇಕಾಗಿದ್ದ ಎಚ್ಚರಿಕೆಯನ್ನೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ತಡೆದಿತ್ತು.