ಕಣ್ಣೀರೂ ಕರ್ತವ್ಯವೂ

ಅನ್ಯಮತದ ಮಹಾಪುರುಷನೊಬ್ಬನ ಯಾತನೆಯನ್ನು ಕೇಳಿ ನಮ್ಮವರ ಕಣ್ಣು ತೇವವಾದರೆ ಅದು ಸಂತೋಷಪಡತಕ್ಕ ಸಂಗತಿಯೋ, ಶಂಕಿಸತಕ್ಕ ಸಂಗತಿಯೋ? ಈ ಪ್ರಶ್ನೆಯನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವಾಚಕ ಮಹಾಶಯರ ಮುಂದೆ ಇಡುವುದಕ್ಕೆ ಕಾರಣವುಂಟು. ಈ ತೆಂಗಿನ ಸೀಮೆಯಲ್ಲಿ ಹಸುರು ಗರಿಯು ಮದುವೆಯ ಚಪ್ಪರಕ್ಕೂ ಬೇಕು, ಕಡೆಯ ಪಯಣದ ಚಟ್ಟಕ್ಕೂ ಬೇಕು. ನಮ್ಮ ದಕ್ಷಿಣ ದೇಶದ ಕ್ರೈಸ್ತರು ಅದೇ ತೆಂಗಿನ ಎಳೆಗರಿಯನ್ನು ಕೈಯಲ್ಲಿ ಹಿಡಿದು ಗರಿಗಳ ಭಾನುವಾರವನ್ನು ಆಚರಿಸುವರು. ಕ್ರಿಸ್ತನು ಜೆರೂಸಲೇಮಿಗೆ ಬಂದಾಗ ಜನರು ಖರ್ಜೂರದ ಗರಿಗಳನ್ನು ಹಿಡಿದು ಜಯಘೋಷ ಮಾಡಿದರೆಂಬುದರ ಸ್ಮರಣೆಯದು. ಆ ಭಾನುವಾರ ಕಳೆದು ಐದನೆಯ ದಿನವೇ ಶುಭ ಶುಕ್ರವಾರ. ಜಯಕಾರವೆದ್ದ ಊರಿನ ಹೊರಗೇ ಆತನನ್ನು ಶಿಲುಬೆಗೆ ಏರಿಸಿದ ದಿನ. ಚಪ್ಪರಕ್ಕೂ ಚಟ್ಟಕ್ಕೂ ಒಂದೇ ಗರಿಯೆಂಬುದನ್ನು ಬಲ್ಲ ನಮ್ಮ ಜನರಿಗೆ ಈ ಕಥೆಯ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡಕ್ಕಂತೂ ಈ ಕಥೆ ಹೊಸದಲ್ಲ. ನಿಘಂಟುಕಾರರಾದ ಕಿಟ್ಟೆಲರು 1862ರಲ್ಲಿಯೇ ಇದನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದರು. ಅವರು ಪಾದ್ರಿಗಳು, ಅದು ಅವರ ಕಾರ್ಯವೇ ಆಗಿತ್ತೆಂದು ಯಾರಾದರೂ ಹೇಳಬಹುದು. ಆದರೆ ಮಂಜೇಶ್ವರದ ಗೋವಿಂದ ಪೈಗಳು ಪಾದ್ರಿಗಳಲ್ಲ, ಕ್ರೈಸ್ತರೂ ಅಲ್ಲ. ಗೌಡ ಸಾರಸ್ವತ ಮನೆತನದಲ್ಲಿ 1883ರಲ್ಲಿ ಹುಟ್ಟಿ, ಹಳಗನ್ನಡದಲ್ಲಿಯೂ ದೇಶದ ಪ್ರಾಚೀನ ಇತಿಹಾಸದಲ್ಲಿಯೂ ಮುಳುಗಿದ್ದ ಆ ವಿದ್ವಾಂಸರು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ಕಪಾಲಸ್ಥಳವೆಂಬ ಅರ್ಥವುಳ್ಳ ಆ ಹೆಸರು, ಆತನನ್ನು ಶಿಲುಬೆಗೇರಿಸಿದ ದಿಣ್ಣೆಯದು. ಅದೇ ಕವಿಗಳು ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿಯೂ, ಏಕಲವ್ಯನ ಕಥೆಯನ್ನು ‘ಹೆಬ್ಬೆರಳು’ ಎಂಬ ನಾಟಕದಲ್ಲಿಯೂ ಹೇಳಿದರು. 1911ರಲ್ಲಿ ಪ್ರಾಸವನ್ನು ತೊರೆದು ಅವರು ಬರೆದ ಕವಿತೆಯ ಹೆಸರು ‘ಹೊಲೆಯನು ಯಾರು?’ ಎಂದು. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕವಿಯ ಹೃದಯವು ಯಾವ ಕಡೆಗೆ ವಾಲಿತ್ತೆಂಬುದು ತಾನಾಗಿ ತಿಳಿಯುವುದು. ನೊಂದವನ ಮತ ಯಾವುದೆಂದು ಅವರು ವಿಚಾರಿಸಲಿಲ್ಲ. 1949ರಲ್ಲಿ ಅವರಿಗೆ ರಾಷ್ಟ್ರಕವಿಯೆಂಬ ಬಿರುದು ಬಂದಾಗ, ಕ್ರಿಸ್ತನಿಗಾಗಿ ಮರುಗಿದ ಲೇಖನಿ ರಾಷ್ಟ್ರಕ್ಕೆ ಹೇಗೆ ಸಲ್ಲುವುದೆಂಬ ಆಕ್ಷೇಪಣೆಯು ಆ ಗೌರವಕ್ಕೆ ಅಡ್ಡಬರಲಿಲ್ಲ.

ಈಗಿನ ಗಾಳಿ ಬೇರೆ. ಇಂತಹ ಕಾವ್ಯವು ಇಂದು ಹೊರಬಂದರೆ, ಪದ್ಯ ಹೇಗಿದೆಯೆಂದು ಕೇಳುವುದಕ್ಕೆ ಮೊದಲೇ ಕವಿಯು ಯಾವ ಕಡೆಯವನೆಂದು ಕೇಳುವ ಜನರಿರುವರು. ಪರರ ದೇವರಿಗಾಗಿ ಅತ್ತವನು ತನ್ನ ದೇವರಿಂದ ಒಂದು ಹೆಜ್ಜೆ ದೂರ ಹೋದನೆಂಬುದು ಅವರ ತರ್ಕ. ಇದಕ್ಕೆ ಉತ್ತರವನ್ನು ಗಾಂಧೀಜಿಯವರ ಜೀವನದಲ್ಲಿ ನೋಡಬಹುದು. ಎರಡನೆಯ ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಮರಳುತ್ತ, 1931ರ ಡಿಸೆಂಬರಿನಲ್ಲಿ ಅವರು ರೋಮಿನಲ್ಲಿ ಇಳಿದರು. ಪೋಪರ ಭೇಟಿ ದೊರೆಯಲಿಲ್ಲ. ಆದರೆ ವ್ಯಾಟಿಕನ್ನಿನ ಸಿಸ್ಟೈನ್ ಮಂದಿರದಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನ ಮೂರ್ತಿಯೆದುರು ಅವರು ಕಣ್ಣೀರು ತುಂಬಿ ನಿಂತರು. ಅಲ್ಲಿಂದ ಕಾಲು ಕೀಳುವುದೇ ಕಷ್ಟವಾಯಿತು. ವ್ಯಕ್ತಿಗಳಂತೆಯೇ ರಾಷ್ಟ್ರಗಳೂ ತಾವಾಗಿ ಸಹಿಸಿದ ಕಷ್ಟದಿಂದಲೇ ರೂಪುಗೊಳ್ಳುವುವೆಂಬುದು ಅಲ್ಲಿ ತಮಗೆ ಕಂಡಿತೆಂದು ಅವರು ಅನಂತರ ಬರೆದರು. ಮುಂದಿನ ತಿಂಗಳೇ ಅವರು ಯೆರವಡೆಯ ಸೆರೆಮನೆಯಲ್ಲಿದ್ದರು. 1942ರಲ್ಲಿ ಸೇವಾಗ್ರಾಮಕ್ಕೆ ಬಂದ ಅಮೆರಿಕದ ಪತ್ರಕರ್ತ ಲೂಯಿ ಫಿಷರರಿಗೆ ಆ ಮಣ್ಣಿನ ಗೋಡೆಯ ಮೇಲೆ ಕಂಡ ಒಂದೇ ಅಲಂಕಾರವು ಕ್ರಿಸ್ತನ ಚಿತ್ರವಾಗಿತ್ತು. ಅದೇ ವರ್ಷ ದೇಶವನ್ನು ಬಿಟ್ಟು ತೊಲಗಿರೆಂದು ಕ್ರೈಸ್ತ ಸಾಮ್ರಾಜ್ಯವೊಂದಕ್ಕೆ ಹೇಳಿದವರೂ, ರಾಮನಾಮವನ್ನು ಕೊನೆಯವರೆಗೂ ಬಿಡದವರೂ ಅವರೇ. ಆ ಕಣ್ಣೀರಿನಿಂದ ಅವರ ಹಿಂದುತನವಾಗಲಿ ದೇಶಭಕ್ತಿಯಾಗಲಿ ಎಳ್ಳಷ್ಟೂ ಕುಂದಲಿಲ್ಲ.

ನಮ್ಮವರಿಗೆ ಈ ಅನುಭವವು ಹೊರಗಿನಿಂದ ಬಂದುದೆಂದು ತಿಳಿಯುವುದೂ ತಪ್ಪು. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಮರಳಿ ಬಂದ ಪುಣ್ಯಕೋಟಿಯ ಹಾಡನ್ನು ಕೇಳಿ ಅಳದ ಕನ್ನಡದ ಮಗು ಯಾವುದು? ಸತ್ಯಕ್ಕಾಗಿ ಸುಡುಗಾಡನ್ನು ಕಾಯ್ದ ಹರಿಶ್ಚಂದ್ರನ ಕಥೆಯನ್ನು ಗಮಕಿಗಳು ಓದುವಾಗ, ಮಗನ ಶವದ ಮುಂದೆ ಚಂದ್ರಮತಿಯು ಗೋಳಿಡುವ ಎಡೆಯಲ್ಲಿ ಪೇಟೆಯ ಗಟ್ಟಿ ವ್ಯಾಪಾರಿಗಳೂ ಕಣ್ಣೊರಸಿಕೊಂಡಿರುವರು. ನಿರಪರಾಧಿಯು ತಾನಾಗಿ ಕಷ್ಟವನ್ನು ತಲೆಗೊಡ್ಡಿ ಹೊತ್ತನೆಂಬ ಎಡೆಯಲ್ಲಿ ನಮ್ಮ ಹೃದಯ ಕರಗುವುದು ನಮ್ಮ ಹಳೆಯ ಸಂಸ್ಕಾರ. ಅದು ಗೊಲ್ಗೊಥಾದ ದಿಣ್ಣೆಯಲ್ಲಿಯೂ ಕರಗಿದರೆ ಆಶ್ಚರ್ಯವೇನು?

ಈ ಕರಗುವಿಕೆಯ ಶಾಸ್ತ್ರವನ್ನು ಕನ್ನಡಿಗರಿಗೆ ತಿಳಿಯಹೇಳಿದ ಆಚಾರ್ಯರು ಈ ಸೀಮೆಯವರೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪ್ರಕಟಿಸಿ ರಸಸಿದ್ಧಾಂತವನ್ನು ಕನ್ನಡದ ಸೊತ್ತನ್ನಾಗಿ ಮಾಡಿದರು. ಕಾವ್ಯದಲ್ಲಿ ಕಂಡ ಶೋಕವು ನನ್ನದು, ಅವನದು ಎಂಬ ಎಲ್ಲೆಯನ್ನು ಕಳೆದುಕೊಂಡು ಎಲ್ಲರದೂ ಆಗುವುದು. ಆದುದರಿಂದಲೇ ಸಹೃದಯನು ಅದನ್ನು ಆಸ್ವಾದಿಸಬಲ್ಲನು. ಇದನ್ನೇ ಸಾಧಾರಣೀಕರಣವೆಂದು ನಮ್ಮ ಆಲಂಕಾರಿಕರು ಕರೆದರು. ಕ್ರಿಸ್ತನ ಶೋಕಕ್ಕೆ ಒಂದು ಶಾಸ್ತ್ರ, ಚಂದ್ರಮತಿಯ ಶೋಕಕ್ಕೆ ಇನ್ನೊಂದು ಶಾಸ್ತ್ರವೆಂದು ಅವರು ವಿಧಿಸಲಿಲ್ಲ.

ಶಂಕೆಯ ಮಾತು ಇಲ್ಲಿಗೆ ಸಾಕು. ನಮಗೆ ಹೆಚ್ಚು ಭಯವನ್ನುಂಟುಮಾಡುವುದು ಬೇರೊಂದು ಅಪಾಯ. ಕಣ್ಣೀರು ಅಗ್ಗವಾದ ಪದಾರ್ಥ. ಪುಸ್ತಕ ಮುಚ್ಚಿದೊಡನೆ, ಪರದೆ ಬಿದ್ದೊಡನೆ ಅದು ಒಣಗುವುದು. ಅತ್ತವನು ತಾನು ಸಜ್ಜನನೆಂಬ ಸಮಾಧಾನದಿಂದ ಊಟಕ್ಕೆ ಏಳುವನು. ಈ ಅಪಾಯವನ್ನು ಕ್ರಿಸ್ತನೇ ಕಂಡಿದ್ದನೆಂದು ತೋರುವುದು. ಶಿಲುಬೆಯ ಹಾದಿಯಲ್ಲಿ ತನಗಾಗಿ ಎದೆ ಬಡಿದುಕೊಂಡು ಬರುತ್ತಿದ್ದ ಸ್ತ್ರೀಯರ ಕಡೆಗೆ ತಿರುಗಿ, ತನ್ನ ಸಲುವಾಗಿ ಅಳುವುದನ್ನು ಬಿಟ್ಟು ತಮಗಾಗಿಯೂ ತಮ್ಮ ಮಕ್ಕಳಿಗಾಗಿಯೂ ಮರುಗಬೇಕೆಂದು ಆತನು ಹೇಳಿದುದಾಗಿ ಲೂಕನ ಸುವಾರ್ತೆಯು ತಿಳಿಸುವುದು. ನಮ್ಮ ಆಲಂಕಾರಿಕರೂ ಕರುಣರಸವನ್ನು ಹೇಳಿ ಸುಮ್ಮನಾಗಲಿಲ್ಲ. ವೀರರ ಎಣಿಕೆಯಲ್ಲಿ ಯುದ್ಧವೀರನ ಪಕ್ಕಕ್ಕೆ ದಯಾವೀರನನ್ನೂ ಕೂರಿಸಿದರು. ಅಳುವುದು ಕರುಣ, ಎದ್ದು ಹೋಗಿ ನೊಂದವನ ಭಾರಕ್ಕೆ ಹೆಗಲು ಕೊಡುವುದು ದಯಾವೀರ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗದಿದ್ದರೆ ಅದರಿಂದ ಲೋಕಕ್ಕೆ ಪ್ರಯೋಜನವಿಲ್ಲ.

ಹಾಗಾದರೆ ಈ ಸೀಮೆಯಲ್ಲಿ ಮರುಕವು ಹೋಗಿ ನಿಲ್ಲಬೇಕಾದ ಬಾಗಿಲು ಯಾವುದು? ಹಲವಿವೆ, ಕಣ್ಣಿಗೆ ಮೊದಲು ಬೀಳುವ ಒಂದನ್ನು ಹೇಳುವೆವು. ನಮ್ಮ ಸಂಪತ್ತೆಲ್ಲವೂ ಐವತ್ತು ಅರವತ್ತು ಅಡಿ ಎತ್ತರದಲ್ಲಿ ತೂಗುತ್ತಿರುವುದು. ದೋಟಿ ನಿಲುಕದ ಮರಕ್ಕೆ ಮನುಷ್ಯನೇ ಹತ್ತಬೇಕು. ಆತನು ಇಳಿಸಿದ ಕಾಯಿಯು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕುಳಿತು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಬರುವುದು. ಹರಾಜಿನಲ್ಲಿ ದರ ಕುಸಿದರೆ ಸಭೆ ಸೇರುವೆವು, ಸರ್ಕಾರಕ್ಕೆ ಮನವಿ ಕಳುಹಿಸುವೆವು, ಅದು ನ್ಯಾಯವೇ. ಆದರೆ ಮರದಿಂದ ಬಿದ್ದು ಬೆನ್ನುಹುರಿ ಮುರಿದು, ದುಡಿಯುವ ವಯಸ್ಸಿನಲ್ಲಿಯೇ ಹಾಸಿಗೆ ಹಿಡಿದವನಿಗಾಗಿ ಅಷ್ಟೇ ಗಟ್ಟಿಯಾದ ದನಿ ಏಳುವುದನ್ನು ನಾವು ಕಾಣೆವು. ಆಸ್ಪತ್ರೆಯ ಖರ್ಚಿಗೆಂದು ತೋಟದವರು ಕೈಯಲ್ಲಿಟ್ಟ ಹಣವು ತಿಂಗಳೊಳಗೆ ಮುಗಿಯುವುದು, ಹಾಸಿಗೆಯು ಮುಗಿಯುವುದಿಲ್ಲ.

ಇದಕ್ಕೆ ಮಾರ್ಗವಿಲ್ಲವೆಂದಲ್ಲ. 1981ರಲ್ಲಿ ಸ್ಥಾಪಿತವಾದ ತೆಂಗು ಅಭಿವೃದ್ಧಿ ಮಂಡಳಿಯು ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನು ನಡೆಸುತ್ತ ಬಂದಿದೆ. ವಿಮೆಯ ಕಂತಿನ ಬಹುಪಾಲನ್ನು ಮಂಡಳಿಯೇ ಭರಿಸುತ್ತ ಬಂದಿದೆ. ಉಳಿದ ಅಲ್ಪ ಭಾಗವನ್ನು ಕಟ್ಟುವುದು ತೋಟದ ಯಜಮಾನರಿಗೆ ಭಾರವಲ್ಲ. ಅರ್ಜಿಯನ್ನು ತುಂಬಿ ಕಳುಹಿಸುವುದು ಅಕ್ಷರ ಬಲ್ಲವರ ಕೆಲಸ. ಮರ ಹತ್ತುವವನು ಕಚೇರಿಯಿಂದ ಕಚೇರಿಗೆ ಅಲೆದು ಅದನ್ನು ಮಾಡಿಸಿಕೊಳ್ಳಲಿ ಎಂದು ಕಾದು ಕುಳಿತುಕೊಳ್ಳುವುದು ಸರಿಯಲ್ಲ. ಮೂರು ತಾಲ್ಲೂಕುಗಳ ತೋಟಗಾರಿಕೆಯ ಅಧಿಕಾರಿಗಳು ಹೋಬಳಿವಾರು ಇಂತಹವರ ಪಟ್ಟಿಯನ್ನು ಸಿದ್ಧಪಡಿಸಲಿ. ಗ್ರಾಮ ಪಂಚಾಯತಿಗಳು ಹೆಸರುಗಳನ್ನು ಒದಗಿಸಲಿ. ಮಾರುಕಟ್ಟೆಯ ವರ್ತಕರು ತಮ್ಮ ಲಾಭದ ಒಂದಂಶವನ್ನು ಈಗಾಗಲೇ ಬಿದ್ದು ನರಳುತ್ತಿರುವವರಿಗಾಗಿ ತೆಗೆದಿರಿಸಲಿ.

ಗೋವಿಂದ ಪೈಗಳ ಕಾವ್ಯವನ್ನು ನಮ್ಮ ತರುಣರು ಓದಲಿ. ಓದಿ ಕಣ್ಣು ತುಂಬಿದರೆ ನಾಚಿಕೊಳ್ಳದಿರಲಿ, ಯಾರ ಅಪ್ಪಣೆಯನ್ನೂ ಕೇಳದಿರಲಿ. ಆದರೆ ಮುಂದಿನ ಸಲ ಕಾಯಿ ಕೀಳಿಸುವುದಕ್ಕೆ ಮೊದಲು, ಮರದ ಬುಡದಲ್ಲಿ ಹಗ್ಗ ಹಿಡಿದು ನಿಂತವನನ್ನು ಅವನ ವಿಮೆಯ ಕಾಗದ ಆಗಿದೆಯೇ ಎಂದು ಕೇಳಲಿ. ಆಗಿಲ್ಲವೆಂದರೆ ಆ ದಿನ ಮರ ಹತ್ತಿಸುವುದನ್ನು ನಿಲ್ಲಿಸಿ, ಆ ದಿನದ ಕೂಲಿಯನ್ನು ತಪ್ಪದೆ ಕೊಟ್ಟು, ಮೊದಲು ಆ ಕಾಗದವನ್ನು ಮಾಡಿಸಲಿ.