ಬಿ.ಇ. ಸೀಟು ಬಿಟ್ಟು ಎಎಂಇ ಸೇರಬಹುದೇ?

ಸಿಇಟಿ ಫಲಿತಾಂಶದ ಹೊತ್ತಿಗೆ ಪತ್ರಿಕೆಗಳಲ್ಲಿ ವಿಮಾನದ ಚಿತ್ರವಿರುವ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರಿಂಗ್, ಚಿಕ್ಕದಾಗಿ ಎಎಂಇ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಪಿಯುಸಿ ಪಾಸಾದವರು ಸೇರಬಹುದು. ಎಂಜಿನಿಯರಿಂಗ್ ಪದವಿಯ ಸೀಟು ಕೈಯಲ್ಲಿರುವಾಗ ಅದನ್ನು ಬಿಟ್ಟು ಈ ಕಡೆ ಬರುವುದು ಸರಿಯೇ? ಹ್ಯಾಂಗರಿನಲ್ಲಿ ಬಹುಕಾಲ ದುಡಿದವರೊಬ್ಬರು ಸರಿ ಎನ್ನುತ್ತಾರೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರೊಬ್ಬರು ಬೇಡ ಎನ್ನುತ್ತಾರೆ.

ಪರ: ಹಾರಬಹುದು ಎಂದು ಬರೆದುಕೊಡುವವರು

ನಮ್ಮ ಮನೆಗಳಲ್ಲಿ ಎಂಜಿನಿಯರ್ ಅಂದರೆ ಬಿ.ಇ. ಮುಗಿಸಿದವನು. ವಿಮಾನದ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ. ಏರೋನಾಟಿಕಲ್‌ನಲ್ಲಿ ರ‍್ಯಾಂಕ್ ಬಂದವನಿರಲಿ, ಐಐಟಿಯಲ್ಲಿ ಎಂ.ಟೆಕ್. ಮಾಡಿದವಳಿರಲಿ, ಲೈಸೆನ್ಸ್ ಇಲ್ಲದಿದ್ದರೆ ಎಂಜಿನ್ನಿನ ಕೆಲಸವೊಂದನ್ನು ಮುಗಿಸಿ ‘ಸರಿಯಾಗಿದೆ, ಹಾರಬಹುದು’ ಎಂದು ಬರೆದುಕೊಡುವ ಅಧಿಕಾರ ಅವರಿಗಿಲ್ಲ. 1937ರ ಏರ್‌ಕ್ರಾಫ್ಟ್ ನಿಯಮಗಳ 61ನೇ ನಿಯಮದಂತೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ (ಡಿಜಿಸಿಎ) ಲೈಸೆನ್ಸ್ ಪಡೆದು, ಆ ಮಾದರಿಯ ವಿಮಾನಕ್ಕೆ ಅಧಿಕೃತರಾದ ಎಎಂಇಗಳಿಗೆ ಅದು ಮೀಸಲು. ದುರಸ್ತಿಯಾದ ವಿಮಾನ ಆ ಸಹಿ ಬೀಳದೆ ಕದಲುವಂತಿಲ್ಲ. ಮ್ಯಾನೇಜರು ಎಷ್ಟೇ ಅವಸರಪಡಿಸಲಿ, ಪ್ರಯಾಣಿಕರು ಗೇಟಿನಲ್ಲಿ ಎಷ್ಟೇ ಗಲಾಟೆ ಮಾಡಲಿ, ಎಎಂಇ ‘ಇಲ್ಲ’ ಅಂದರೆ ಇಲ್ಲ. ಮೂವತ್ತು ದಾಟುವುದರೊಳಗೆ ಇಷ್ಟು ಅಧಿಕಾರ ಕೊಡುವ ಕೆಲಸ ನಮ್ಮಲ್ಲಿ ಇನ್ನೆಷ್ಟಿವೆ?

ದಾರಿ ಏನೂ ಗುಟ್ಟಿನದಲ್ಲ. ತರಬೇತಿ ಸಂಸ್ಥೆಗಳಿಗಾಗಿ ಡಿಜಿಸಿಎ ಮಾಡಿರುವ ಸಿಎಆರ್-147 ನಿಯಮದ ಮಾನ್ಯತೆಯ ಸಂಸ್ಥೆಯಲ್ಲಿ ಬಿ1.1 ವಿಭಾಗಕ್ಕೆ, ಅಂದರೆ ಟರ್ಬೈನ್ ಎಂಜಿನ್ನಿನ ವಿಮಾನಗಳಿಗೆ, 2,400 ಗಂಟೆಗಳ ಮೂಲ ತರಬೇತಿ. ವೈರಿಂಗು, ರೇಡಿಯೋ, ಆಟೋಪೈಲಟ್ ಕಡೆ ಒಲವಿರುವವರಿಗೆ ಬಿ2, ಅದಕ್ಕೂ ಅಷ್ಟೇ ಗಂಟೆ. ಪರೀಕ್ಷೆ ನಡೆಸುವುದು ಡಿಜಿಸಿಎ, ಮಾಡ್ಯೂಲ್ ಲೆಕ್ಕದಲ್ಲಿ. ಗಣಿತದಿಂದ ಶುರುವಾಗಿ ಗ್ಯಾಸ್ ಟರ್ಬೈನ್, ವಾಯುಯಾನ ಕಾನೂನು, ಹ್ಯೂಮನ್ ಫ್ಯಾಕ್ಟರ್ಸ್ ತನಕ ಹೋಗುತ್ತದೆ. ಪಾಸಾಗಲು ನೂರಕ್ಕೆ 75 ಬೇಕು. (ಮೂವತ್ತೈದಕ್ಕೆ ಪಾಸಾಗಿ ಅಭ್ಯಾಸವಿದ್ದವರಿಗೆ ಮೊದಲ ಸಲ ಎದೆ ಝಲ್ ಎನ್ನುತ್ತದೆ, ಆಮೇಲೆ ರೂಢಿಯಾಗುತ್ತದೆ.) ಮಾನ್ಯತೆಯ ಕೋರ್ಸ್ ಮುಗಿಸಿದವರು ಹಾರಾಟದಲ್ಲಿರುವ ವಿಮಾನಗಳ ಮೇಲೆ ಎರಡು ವರ್ಷ ಕೆಲಸ ಮಾಡಿದರೆ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಯಾವ ತರಬೇತಿಯೂ ಇಲ್ಲದವರಿಗೆ ಐದು ವರ್ಷ ಬೇಕು. ಅಂದರೆ ಅನುಭವದ ಲೆಕ್ಕದಲ್ಲಿ ಕೋರ್ಸು ಮೂರು ವರ್ಷ ಉಳಿಸಿಕೊಡುತ್ತದೆ.

‘ಏನೇ ಹೇಳಿ, ಕೊನೆಗೆ ಸ್ಪ್ಯಾನರ್ ಹಿಡಿಯುವ ಕೆಲಸ ತಾನೇ’ ಎಂದು ಮೂಗು ಮುರಿಯುವವರು ನೆಂಟರಲ್ಲೇ ಇರುತ್ತಾರೆ. ಅವರಿಗೆ ನಾನು ಬ್ರಿಟಿಷ್ ಏರ್‌ವೇಸ್ 5390ರ ಕಥೆ ಹೇಳುತ್ತೇನೆ. 1990ರ ಜೂನ್ 10. ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಾಗಾಕ್ಕೆ ಹೊರಟ ಬಿಎಸಿ ಒನ್-ಇಲೆವೆನ್ ವಿಮಾನ 17 ಸಾವಿರ ಅಡಿ ಏರಿದಾಗ ಕ್ಯಾಪ್ಟನ್ ಎದುರಿನ ಗಾಜು ಕಿತ್ತು ಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ, ಕಾಲು ಒಳಗೆ. ಸಿಬ್ಬಂದಿ ಕಾಲು ಹಿಡಿದು ನಿಂತರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದ. ಎಲ್ಲರೂ ಬದುಕಿದರು, ಕ್ಯಾಪ್ಟನ್ ಸಹ. ತನಿಖೆಯಲ್ಲಿ ಸಿಕ್ಕಿದ್ದು ಬೋಲ್ಟು. ಹಿಂದಿನ ದಿನದ ನಸುಕಿನಲ್ಲಿ ಹೊಸ ಗಾಜು ಕೂರಿಸಲು ಬಳಸಿದ 90 ಬೋಲ್ಟುಗಳಲ್ಲಿ 84, ಬೇಕಾದ ವ್ಯಾಸಕ್ಕಿಂತ ಸುಮಾರು 0.66 ಮಿಲಿಮೀಟರ್ ಸಣ್ಣ. ಹಳೆಯ ಬೋಲ್ಟಿನ ಪಕ್ಕ ಇಟ್ಟು ಕಣ್ಣಳತೆಯಲ್ಲೇ ಆರಿಸಿದ್ದರು, ಪಾರ್ಟ್ಸ್ ಕ್ಯಾಟಲಾಗ್ ತೆರೆದು ನೋಡಿರಲಿಲ್ಲ.

ಕೈಚಳಕ ಇದ್ದವರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ, ಬೈಕಿನ ಎಂಜಿನ್ನನ್ನು ಸದ್ದು ಕೇಳಿಯೇ ಸರಿ ಮಾಡುವವರು. ವಿಮಾನಕ್ಕೆ ಬೇಕಾದುದು ಆ ಚಳಕವನ್ನು ಬಿಗಿಹಿಡಿಯುವ ಬುದ್ಧಿ: ಗೊತ್ತಿದ್ದರೂ ಮ್ಯಾನ್ಯುಯಲ್ ತೆರೆಯುವುದು, ಟಾರ್ಕ್ ರೆಂಚಿನ ಕ್ಯಾಲಿಬ್ರೇಷನ್ ತಾರೀಖು ನೋಡುವುದು, ಶಿಫ್ಟು ಬಿಡುವಾಗ ಎಷ್ಟು ಆಗಿದೆ, ಎಷ್ಟು ಉಳಿದಿದೆ ಎಂದು ಬರೆದಿಡುವುದು. ಇದನ್ನು ಸ್ಪ್ಯಾನರ್ ಕೆಲಸ ಎನ್ನುವವರು ಶಸ್ತ್ರಚಿಕಿತ್ಸೆಯನ್ನು ಚಾಕು ಕೆಲಸ ಎನ್ನಲಿ.

ಕೆಲಸ ಇದೆಯೇ ಅಂತ ಕೇಳುತ್ತೀರಿ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು, ಜೂನಿನಲ್ಲಿ ಇಂಡಿಗೊ ಒಂದೇ ಸಲಕ್ಕೆ 500 ಏರ್‌ಬಸ್‌ಗೆ ಆರ್ಡರ್ ಕೊಟ್ಟಿತು. ಎಲ್ಲವೂ ನಾಳೆಯೇ ಬಂದಿಳಿಯುವುದಿಲ್ಲ, ಬರುತ್ತಾ ಹೋಗುತ್ತವೆ. ಒಂದೊಂದಕ್ಕೂ ದಿನನಿತ್ಯದ ತಪಾಸಣೆ ಇದೆ, ವರ್ಷಗಳಿಗೊಮ್ಮೆ ಒಳಾಂಗಣ ಬಿಚ್ಚಿ ನೋಡುವ ಭಾರೀ ಚೆಕ್ ಇದೆ. ಮೊದಲೆಲ್ಲ ಭಾರೀ ಚೆಕ್‌ಗೆ ಎಷ್ಟೋ ವಿಮಾನಗಳು ಸಿಂಗಪುರ, ಶ್ರೀಲಂಕಾ, ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದವು. ನಮ್ಮ ತೆರಿಗೆಯೂ ಅದಕ್ಕೆ ಒಂದು ಕಾರಣವಾಗಿತ್ತು. 2020ರಲ್ಲಿ ಈ ಸೇವೆಯ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದ ಮೇಲೆ ಇಲ್ಲೇ ಹ್ಯಾಂಗರ್ ಕಟ್ಟುವ ಲೆಕ್ಕಾಚಾರ ಕುದುರುತ್ತಿದೆ. ಕೆಂಪೇಗೌಡ ನಿಲ್ದಾಣದಲ್ಲಿ 2022ರಲ್ಲಿ ಇಂಡಿಗೊ ಹ್ಯಾಂಗರ್ ತೆರೆಯಿತು, 2024ರಲ್ಲಿ ಏರ್ ಇಂಡಿಯಾ 35 ಎಕರೆಯಲ್ಲಿ ನಿರ್ವಹಣಾ ಕೇಂದ್ರ ಕಟ್ಟಲು ಹೊರಟಿತು. ಹೊಸೂರಿನಲ್ಲಿ ಹಿಂದಿನಿಂದಲೂ ವಿಮಾನ ನಿರ್ವಹಣಾ ಕಂಪನಿ ಏರ್ ವರ್ಕ್ಸ್ ಇದೆ.

ಬೆಂಗಳೂರಿಗೆ ಈ ಕಸುಬು ಹೊಸದೂ ಅಲ್ಲ. 1940ರಲ್ಲಿ ಶುರುವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್, ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕ ಸೇನೆಯ 84ನೇ ಏರ್ ಡಿಪೊ ಆಗಿ ಅವರ ವಿಮಾನಗಳನ್ನು ದುರಸ್ತಿ ಮಾಡಿ ಕಳುಹಿಸುತ್ತಿತ್ತು. ಸಾಫ್ಟ್‌ವೇರ್ ಈ ಊರಿಗೆ ಕಾಲಿಡುವ ಎಷ್ಟೋ ಮೊದಲೇ ಇಲ್ಲಿ ರಿವೆಟ್ ಹೊಡೆಯುವ ಸದ್ದಿತ್ತು.

ಇನ್ನೊಂದು ಮಾತು. ಬಿ.ಇ. ಮುಗಿಸಿ ಯಾವ ಕಂಪನಿ ಯಾವ ಕೋಡಿಂಗಿಗೆ ಕರೆಯುತ್ತದೋ ಎಂದು ಕಾಯುವ ಹುಡುಗ ಹುಡುಗಿಯರನ್ನು ನೋಡುತ್ತಿದ್ದೇನೆ. ಕಂಪ್ಯೂಟರು ಅವರ ಕೆಲಸವನ್ನು ಎಷ್ಟು ಕಸಿಯುತ್ತದೋ ಗೊತ್ತಿಲ್ಲ. ಆದರೆ ಲ್ಯಾಂಡಿಂಗ್ ಗೇರಿನ ಗುಂಡಿಯೊಳಗೆ ತಲೆ ತೂರಿಸಿ ಹೈಡ್ರಾಲಿಕ್ ಸೋರಿಕೆ ಹುಡುಕುವ ಕೆಲಸಕ್ಕೆ ಮನುಷ್ಯನೇ ಬೇಕು, ವಿಮಾನ ನಿಂತ ಜಾಗದಲ್ಲೇ ಬೇಕು.

ವಿರೋಧ: ಆ ಸಹಿಯ ತನಕ ಎಷ್ಟು ಬಾಗಿಲು?

ಸಹಿಯ ಬಗ್ಗೆ ನನ್ನ ಗೆಳೆಯರು ಹೇಳಿದ್ದು ಅಕ್ಷರಶಃ ನಿಜ. ನನ್ನ ತಕರಾರು ಅದಕ್ಕಲ್ಲ. ಅವರು ತಮ್ಮ ಸಹಿ ಕೈಗೆ ಬಂದ ಮೇಲಿನ ಮಾತು ಹೇಳುತ್ತಿದ್ದಾರೆ. ನನ್ನೆದುರು ಕೂರುವ ಮಗುವಿಗೆ ಹದಿನೇಳು ವರ್ಷ, ಜೊತೆಗೆ ಬಂದ ಅಪ್ಪನ ಕೈಯಲ್ಲಿ ಕಾಲೇಜಿನ ಹೊಳೆಯುವ ಬ್ರೋಷರು.

ಕಾಲೇಜು ಕೊಡುವುದು ಕೋರ್ಸ್ ಮುಗಿಸಿದ ಪ್ರಮಾಣಪತ್ರ. ಅದು ಲೈಸೆನ್ಸ್ ಅಲ್ಲ. ಲೈಸೆನ್ಸಿಗೆ ಎಲ್ಲ ಮಾಡ್ಯೂಲು ಪಾಸಾಗಬೇಕು, ಜೊತೆಗೆ ಎರಡು ವರ್ಷದ ಅನುಭವ ಬೇಕು. ಅನುಭವ ಕಾಲೇಜಿನ ಅಂಗಳದಲ್ಲಿ ನಿಂತ ಹಳೆಯ ವಿಮಾನದ ಮೇಲೆ ಆಗುವಂಥದ್ದಲ್ಲ. ಹಾರಾಟದಲ್ಲಿರುವ ವಿಮಾನವೇ ಬೇಕು, ಅಂದರೆ ಯಾರಾದರೂ ಕೆಲಸಕ್ಕೆ ಅಥವಾ ಟ್ರೈನಿಯಾಗಿ ತೆಗೆದುಕೊಳ್ಳಬೇಕು. ಲೈಸೆನ್ಸ್ ಬಂದಿತು ಅನ್ನಿ, ಅಷ್ಟಕ್ಕೇ ಎ320ಗೆ ಸಹಿ ಹಾಕಲಾಗದು. ಆ ಮಾದರಿಯ ಟೈಪ್ ತರಬೇತಿ ಮಾಡಿ ಅದನ್ನು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. ಅದಾದ ಮೇಲೂ ಕೆಲಸ ಕೊಟ್ಟ ಸಂಸ್ಥೆ ‘ನಮ್ಮಲ್ಲಿ ಇವರು ಸಹಿ ಹಾಕಬಹುದು’ ಎಂದು ಅಧಿಕಾರಪತ್ರ ಕೊಡಬೇಕು. ಜಾಹೀರಾತಿನಲ್ಲಿ ಕಾಣುವುದು ಮೊದಲ ಬಾಗಿಲು, ಸಂಬಳದ ಅಂಕಿ ಮಾತ್ರ ಕೊನೆಯ ಬಾಗಿಲ ಆಚೆಯದು. ನಡುವಿನ ವರ್ಷಗಳನ್ನು ಹುಡುಗರು ಟೆಕ್ನಿಷಿಯನ್ ಆಗಿ, ಬೇರೊಬ್ಬರ ಸಹಿಯ ಕೆಳಗೆ ಕಳೆಯುತ್ತಾರೆ. ಅದರಲ್ಲಿ ಅವಮಾನವೇನಿಲ್ಲ, ಆದರೆ ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಆರ್ಡರುಗಳ ಮಾತು ಬಂತು. ವಿಮಾನಯಾನ ಕಂಪನಿಗಳು ಹೇಗೆ ಏಳುತ್ತವೋ ಹಾಗೆಯೇ ಮುಳುಗುತ್ತವೆ, ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್‌ನಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಎಂಜಿನಿಯರುಗಳು ಮುಷ್ಕರ ಹೂಡಿದ್ದು, ವಿಮಾನಗಳು ನೆಲ ಹಿಡಿದದ್ದು, ಕಂಪನಿಯ ಹಾರಾಟದ ಲೈಸೆನ್ಸ್ ಅಮಾನತಾದದ್ದು ಎಲ್ಲ 2012ರ ಅಕ್ಟೋಬರಿನಲ್ಲಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು, ತನ್ನ ಸ್ಥಿತಿಗೆ ಕಾರಣವೆಂದು ಎಂಜಿನ್ ತಯಾರಿಸಿದ ಕಂಪನಿಯನ್ನು ದೂರುತ್ತಾ. ಸಾಫ್ಟ್‌ವೇರ್ ಕಂಪನಿ ಮುಚ್ಚಿದರೂ ಕಲಿತ ಭಾಷೆ ತಲೆಯಲ್ಲಿರುತ್ತದೆ. ಇಲ್ಲಿ ಹಾಗಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಕನಿಷ್ಠ ಆರು ತಿಂಗಳ ನಿರ್ವಹಣಾ ಅನುಭವ ಇಲ್ಲದಿದ್ದರೆ ಸಹಿಯ ಹಕ್ಕನ್ನು ಬಳಸುವಂತಿಲ್ಲ ಎನ್ನುತ್ತದೆ ನಿಯಮ. ಸುರಕ್ಷತೆಗೆ ಅದು ಸರಿಯಾದ ನಿಯಮವೇ. ಆದರೆ ಕೆಲಸ ಹೋದವನಿಗೆ ಸಂಬಳದ ಹಿಂದೆಯೇ ಅರ್ಹತೆಯೂ ಜಾರತೊಡಗುತ್ತದೆ. ಟೈಪ್ ಬೇರೆ ಅಡ್ಡ ಬರುತ್ತದೆ: ಎಟಿಆರ್ ಮೇಲೆ ಪಳಗಿದವನು ಮಾರನೇ ದಿನವೇ ಬೋಯಿಂಗ್ 737ಗೆ ಸಹಿ ಹಾಕಲಾರ.

5390ರ ಕಥೆಗೆ ಬರುತ್ತೇನೆ. ಗೆಳೆಯರು ಅದರಿಂದ ಶಿಸ್ತಿನ ಪಾಠ ತೆಗೆದರು. ಅದೇ ತನಿಖೆಯಲ್ಲಿ ಇನ್ನೊಂದು ಭಾಗವಿದೆ. ಬೋಲ್ಟು ಹಾಕಿದ್ದು ಅನನುಭವಿ ಹುಡುಗನಲ್ಲ, ಆ ಪಾಳಿಯ ಮೇಲ್ವಿಚಾರಕನೇ. ಆ ರಾತ್ರಿ ಜನ ಕಡಿಮೆಯಿದ್ದರು, ಹಾಗಾಗಿ ತಾನೇ ಕೈ ಹಾಕಿದ. ಸಮಯ ನಸುಕಿನ ಮೂರರಿಂದ ಐದು. ಸ್ಟೋರ್ಸಿನವನು ಸರಿಯಾದ ಅಳತೆ ಯಾವುದೆಂದು ಹೇಳಿಯೂ ಇದ್ದ. ಬೋಲ್ಟಿನ ಡಬ್ಬಿಗಳಿದ್ದ ಜಾಗದಲ್ಲಿ ಬೆಳಕು ಸಾಲದಿತ್ತು. ವಿಮಾನ ಹಗಲೆಲ್ಲ ಹಾರುವುದರಿಂದ ಲೈನ್ ಮೇಂಟೆನೆನ್ಸಿನ ದೊಡ್ಡ ಪಾಲು ರಾತ್ರಿಯಲ್ಲೇ ಆಗಬೇಕು. ಇಪ್ಪತ್ತೆರಡರಲ್ಲಿ ರಾತ್ರಿ ಪಾಳಿ ತಮಾಷೆ. ಮದುವೆ, ಮಗು, ಬೆನ್ನುನೋವು ಬಂದ ಮೇಲೂ ಅದೇ ರೋಸ್ಟರು, ಅದೇ ಮಳೆ, ಅದೇ ಏಪ್ರನ್ನು. ಹ್ಯೂಮನ್ ಫ್ಯಾಕ್ಟರ್ಸ್ ಎಂಬ ಮಾಡ್ಯೂಲನ್ನೇ ಇಟ್ಟಿದ್ದಾರೆಂದರೆ ದಣಿವು ಈ ಕಸುಬಿನ ಒಳಗೇ ಇದೆ ಎಂದಾಯಿತಲ್ಲ. ತಪ್ಪಾದ ದಿನ ತನಿಖಾಧಿಕಾರಿಗಳು ಮೊದಲು ತೆರೆಯುವುದು ಟೆಕ್ ಲಾಗ್. ಅಧಿಕಾರದ ಸಹಿ ಆಗ ಹೊಣೆಯ ಸಹಿ.

ಪದವಿ ಇಲ್ಲ ಎನ್ನುವುದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಎಎಂಇ ಪ್ರಮಾಣಪತ್ರ ವಿಶ್ವವಿದ್ಯಾಲಯದ ಪದವಿಯಲ್ಲ. ನಾಳೆ ಮನಸ್ಸು ಬದಲಾಯಿತು, ಕೆಎಎಸ್ ಬರೆಯೋಣ, ಬ್ಯಾಂಕ್ ಪರೀಕ್ಷೆ ಕಟ್ಟೋಣ, ಎಂಬಿಎ ಮಾಡೋಣ ಅಂದರೆ ಪದವಿ ಎಲ್ಲಿ ಎಂದು ಕೇಳುತ್ತಾರೆ. ಈಚೆಗೆ ಎಎಂಇ ಜೊತೆ ಬಿ.ಎಸ್ಸಿ. ಅಥವಾ ಬಿಬಿಎ ಅಂಟಿಸಿ ಕೊಡುವ ಕಾಲೇಜುಗಳು ಹೆಚ್ಚಿವೆ, ಆ ಅಂಟಿಸುವಿಕೆಯೇ ಒಂದು ಒಪ್ಪಿಗೆ. ಆದರೆ ಎರಡೂ ದೋಣಿಯಲ್ಲಿ ಕಾಲಿಟ್ಟ ಹುಡುಗರಿಗೆ 75ರ ಮಾಡ್ಯೂಲುಗಳಿಗೆ ಓದಲು ಹೊತ್ತೆಲ್ಲಿ?

ಕರಾವಳಿಯ ಮಕ್ಕಳು ಬಂದಾಗ ಗಲ್ಫಿನ ಮಾತು ಬಂದೇ ಬರುತ್ತದೆ. ದುಬೈಯಲ್ಲಿ ಮಾವ ಇದ್ದಾರೆ, ಲೈಸೆನ್ಸ್ ಸಿಕ್ಕರೆ ಸಾಕು ಅಂತ. ಯುಎಇಗೆ ತನ್ನದೇ ವಿಮಾನಯಾನ ಪ್ರಾಧಿಕಾರವಿದೆ, ತನ್ನದೇ ಲೈಸೆನ್ಸಿದೆ. ಯುರೋಪಿನ ಈಸಾ ಲೈಸೆನ್ಸ್ ಇನ್ನೊಂದು. ನಮ್ಮ ಪಠ್ಯ ಅವುಗಳ ಅಚ್ಚಿನಲ್ಲೇ ಇರುವುದರಿಂದ ಓದಿದ್ದು ವ್ಯರ್ಥವಾಗುವುದಿಲ್ಲ, ಆದರೆ ಡಿಜಿಸಿಎ ಕಾಗದ ತೋರಿಸಿದ ಮಾತ್ರಕ್ಕೆ ಅಲ್ಲಿ ಸಹಿ ಹಾಕಲು ಬಿಡುವುದಿಲ್ಲ.

ಹಾಗಾದರೆ ಯಾರೂ ಹೋಗಲೇಬಾರದೇ? ಬಿ.ಇ.ಗೆ ಒಳ್ಳೆಯ ಸೀಟು ಸಿಕ್ಕವರು ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಮಿಕ್ಸಿ ಬಿಚ್ಚಿ ಹಾಕಿ ಬೈಸಿಕೊಂಡ ಮಗು, ಬೇರೆ ಏನನ್ನೂ ಓದಲಾರೆ ಎಂದು ಹಟ ಹಿಡಿದರೆ ನಾನೂ ಅಡ್ಡ ನಿಲ್ಲುವುದಿಲ್ಲ. ಅಂಥವರ ಅಪ್ಪ ಅಮ್ಮನಿಗೆ ಕಾಲೇಜಿನಲ್ಲಿ ಕೇಳಲು ಕೆಲವು ಪ್ರಶ್ನೆ ಬರೆದುಕೊಡುತ್ತೇನೆ. ಸಿಎಆರ್-147 ಮಾನ್ಯತೆ ಯಾವ ವಿಭಾಗಕ್ಕಿದೆ, ಈಗಲೂ ಊರ್ಜಿತದಲ್ಲಿದೆಯೇ? ಡಿಜಿಸಿಎ ಪಟ್ಟಿಯಲ್ಲಿ ಹೆಸರು ನೀವೇ ನೋಡಿ, ಅವರ ಬಾಯಿಮಾತು ಸಾಲದು. ಪ್ರಾಯೋಗಿಕ ತರಬೇತಿಗೆ ಯಾವ ಹ್ಯಾಂಗರಿಗೆ ಕಳುಹಿಸುತ್ತಾರೆ, ಒಪ್ಪಂದದ ಪತ್ರ ತೋರಿಸುತ್ತಾರೆಯೇ? ಆರು ವರ್ಷದ ಹಿಂದಿನ ಬ್ಯಾಚಿನಲ್ಲಿ ಸೇರಿದವರೆಷ್ಟು, ಅವರಲ್ಲಿ ಇವತ್ತು ಲೈಸೆನ್ಸ್ ಇರುವವರೆಷ್ಟು, ಟೈಪ್ ರೇಟಿಂಗ್ ಆದವರೆಷ್ಟು? ಪ್ಲೇಸ್‌ಮೆಂಟಿನ ಫೋಟೊ ಗೋಡೆಯ ಮೇಲೆ ಎಷ್ಟಾದರೂ ಇರಲಿ. ಈ ಮೂರು ಅಂಕಿ ಬಾಯಿಬಿಟ್ಟು ಹೇಳದ ಕಾಲೇಜಿನಲ್ಲಿ ಅಡ್ವಾನ್ಸ್ ಕಟ್ಟಬೇಡಿ.